ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡ ಮೇಲೆ: ಒಂದು ತುತ್ತು, ಒಂದು ನಿಮಿಷ

ನನ್ನ ಹತ್ತಿರದ ಸಂಬಂಧಿಯೊಬ್ಬರು ತೂಕ ಇಳಿಸಲು ಗ್ಯಾಸ್ಟ್ರಿಕ್ ಬ್ಯಾಂಡ್, ಅಂದರೆ ಜಠರದ ಸುತ್ತ ಕೂರಿಸುವ ಪಟ್ಟಿ ಹಾಕಿಸಿಕೊಂಡಿದ್ದಾರೆ. ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಮಾತಿನ ಭರದಲ್ಲಿ ಅವರು ಎರಡು ತುತ್ತನ್ನು ಬೇಗ ಬೇಗ ನುಂಗಿದರು. ಮೂರನೆಯದು ಕೈಯಲ್ಲೇ ಉಳಿಯಿತು. ಮುಖ ಕೆಂಪಾಯಿತು, ಬಾಯಿ ತುಂಬ ಜೊಲ್ಲು ಬಂತು, ಎದೆ ಹಿಡಿದುಕೊಂಡು ಎದ್ದು ಬಚ್ಚಲಿಗೆ ಹೋದರು. ನಾನು ನೀರಿನ ಲೋಟ ಹಿಡಿದುಕೊಂಡು ಹಿಂದೆಯೇ ಓಡಿದೆ. ಅದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಸಿಕ್ಕಿಕೊಂಡ ತುತ್ತಿನ ಮೇಲೆ ನೀರು ಕುಡಿದರೆ ಆ ನೀರೂ ಅಲ್ಲೇ ನಿಲ್ಲುತ್ತದೆ. ಸಂಕಟ ಇನ್ನೂ ಜಾಸ್ತಿಯಾಗುತ್ತದೆ.

ಆವತ್ತಿನಿಂದ ನಾನು ಬ್ಯಾಂಡಿನ ಬಗ್ಗೆ ಓದುತ್ತಾ, ಬಲ್ಲವರನ್ನು ಕೇಳುತ್ತಾ ಬಂದೆ. ಅದರಲ್ಲಿ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ. ಬ್ಯಾಂಡ್ ಎಷ್ಟು ಬಿಗಿಯೋ ಅಷ್ಟು ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ತುಂಬಾ ಮಂದಿಯನ್ನು ಕಷ್ಟಕ್ಕೆ ದೂಡುವುದು ಈ ನಂಬಿಕೆಯೇ. ಯಾಕೆ ಅಂತ ತಿಳಿಯಬೇಕಾದರೆ ಅದು ಒಳಗೆ ಮಾಡುವ ಕೆಲಸ ಏನು ಅಂತ ನೋಡಬೇಕು.

ಉಂಗುರ, ಕೊಳವೆ, ಪೋರ್ಟ್

ಬ್ಯಾಂಡ್ ಅಂದರೆ ಸಿಲಿಕೋನಿನ ಒಂದು ಉಂಗುರ. ಅನ್ನನಾಳ ಬಂದು ಜಠರಕ್ಕೆ ಸೇರುವ ಜಾಗದ ಸ್ವಲ್ಪ ಕೆಳಗೆ, ಜಠರದ ಮೇಲ್ತುದಿಯ ಸುತ್ತ ಅದನ್ನು ಕೂರಿಸುತ್ತಾರೆ. ಉಂಗುರದ ಒಳಮೈಯಲ್ಲಿ ಪುಟ್ಟ ಬಲೂನು ಇರುತ್ತದೆ. ಅದರಿಂದ ತೆಳುವಾದ ಕೊಳವೆ ಹೊರಟು, ಹೊಟ್ಟೆಯ ಚರ್ಮದ ಕೆಳಗೆ ಹೊಲಿದಿರುವ ಪೋರ್ಟ್‌ಗೆ ಸೇರುತ್ತದೆ. ಡಾಕ್ಟರು ಚರ್ಮದ ಮೇಲಿನಿಂದ ಸೂಜಿ ಚುಚ್ಚಿ ಪೋರ್ಟ್‌ಗೆ ಸಲೈನ್ (ಉಪ್ಪುನೀರು) ಹಾಕುತ್ತಾರೆ, ಬೇಕಾದರೆ ತೆಗೆಯುತ್ತಾರೆ. ಹಾಕಿದರೆ ಬಲೂನು ಉಬ್ಬಿ ಉಂಗುರ ಬಿಗಿಯಾಗುತ್ತದೆ. ತೆಗೆದರೆ ಸಡಿಲವಾಗುತ್ತದೆ. ಬ್ಯಾಂಡ್ ಹಾಕಿಸಿಕೊಂಡವರು 'ಫಿಲ್' ಅನ್ನುವುದು ಹೀಗೆ ಸಲೈನ್ ಹಾಕುವುದಕ್ಕೇ. ಇದಕ್ಕೆ ಹ್ಯೂಬರ್ ಸೂಜಿ ಅಂತ ಬೇರೆಯದೇ ಸೂಜಿ ಬೇಕು. ಮಾಮೂಲಿ ಸೂಜಿ ಪೋರ್ಟಿನ ಮೇಲ್ಪದರವನ್ನು ಕೊರೆದು ಸೋರುವಂತೆ ಮಾಡಬಹುದು. ಹಾಗಾಗಿ ಬ್ಯಾಂಡಿನ ಕೆಲಸ ಬಲ್ಲವರ ಹತ್ತಿರವೇ ಫಿಲ್ ಮಾಡಿಸಿಕೊಳ್ಳಬೇಕು.

ಇಲ್ಲಿ ಜಠರವನ್ನು ಕತ್ತರಿಸುವುದಿಲ್ಲ, ಕರುಳನ್ನು ಬೇರೆ ದಾರಿಗೆ ಜೋಡಿಸುವುದೂ ಇಲ್ಲ. ತಿಂದದ್ದು ಎಂದಿನ ದಾರಿಯಲ್ಲೇ ಹೋಗಿ ಎಂದಿನಂತೆಯೇ ಜೀರ್ಣವಾಗುತ್ತದೆ. ಬೇಡವಾದರೆ ಬ್ಯಾಂಡನ್ನು ತೆಗೆಯಬಹುದು. ಈ ಕಾರಣಕ್ಕೇ ಒಂದು ಕಾಲದಲ್ಲಿ ಇದಕ್ಕೆ ಬಹಳ ಬೇಡಿಕೆ ಇತ್ತು. ಬಿಗಿ ಬದಲಾಯಿಸಬಹುದಾದ ಬ್ಯಾಂಡನ್ನು 1986ರಲ್ಲಿ ಬಳಕೆಗೆ ತಂದವರು ಅಮೆರಿಕದಲ್ಲಿದ್ದ ಸರ್ಜನ್ ಲ್ಯುಬೋಮಿರ್ ಕುಜ್ಮಾಕ್. 1993ರಲ್ಲಿ ಬೆಲ್ಜಿಯಂನ ಮಿಟಿಕು ಬೆಲಾಚ್ಯು ಅದನ್ನು ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ಸಣ್ಣ ತೂತುಗಳ ಮೂಲಕವೇ ಕೂರಿಸಿ ತೋರಿಸಿದರು. 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದಕ್ಕೆ ಒಪ್ಪಿಗೆ ಕೊಟ್ಟಿತು. 2011ರಲ್ಲಿ ಅಲ್ಲಿ ತೂಕ ಇಳಿಸಲು ಮಾಡಿದ ನೂರು ಆಪರೇಷನ್ನುಗಳಲ್ಲಿ ಸುಮಾರು 35 ಬ್ಯಾಂಡಿನವೇ. 2018ರ ಹೊತ್ತಿಗೆ ಅದು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಜಠರದ ಒಂದು ಭಾಗವನ್ನೇ ತೆಗೆಯುವ ಸ್ಲೀವ್ ಆಪರೇಷನ್ ಮುಂದೆ ಬಂತು. ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಅನೇಕರಿಗೆ ವರ್ಷಗಳ ಮೇಲೆ ಮತ್ತೆ ಆಪರೇಷನ್ ಬೇಕಾಯಿತು. ಹೊಸದಾಗಿ ಹಾಕಿಸಿಕೊಳ್ಳುವವರು ಈಗ ಕಡಿಮೆ. ಆದರೆ ಒಳಗೆ ಬ್ಯಾಂಡ್ ಇಟ್ಟುಕೊಂಡು ದಿನಾ ಊಟಕ್ಕೆ ಕೂರುವವರು ಪ್ರಪಂಚದಲ್ಲಿ ಇನ್ನೂ ಲಕ್ಷಗಟ್ಟಲೆ ಇದ್ದಾರೆ. ಈ ಲೇಖನ ಅವರಿಗಾಗಿ, ಅವರಿಗೆ ಅಡುಗೆ ಮಾಡಿ ಬಡಿಸುವವರಿಗಾಗಿ.

ಹಸಿವು ಅಡಗುವುದು ಹೇಗೆ

ಬ್ಯಾಂಡಿನ ಮೇಲೆ ಜಠರದ ಒಂದು ಪುಟ್ಟ ಚೀಲ ಉಳಿಯುತ್ತದೆ. ಅದರ ಗಾತ್ರ ಒಂದೆರಡು ದೊಡ್ಡ ಚಮಚೆಯಷ್ಟು. ಆ ಚೀಲ ತುಂಬಿದರೆ ಹೊಟ್ಟೆ ತುಂಬಿತು ಅನ್ನಿಸುತ್ತದೆ, ಊಟ ಮೆಲ್ಲಗೆ ಮರಳು ಗಡಿಯಾರದ ಮರಳಿನ ಹಾಗೆ ಕೆಳಗೆ ಇಳಿಯುತ್ತದೆ ಅಂತ ಬಹಳ ವರ್ಷ ಹೇಳಿಕೊಡುತ್ತಿದ್ದರು. ಇವತ್ತಿಗೂ ಎಷ್ಟೋ ಕಡೆ ಹೀಗೇ ಹೇಳುತ್ತಾರೆ. ಕೇಳುವುದಕ್ಕೆ ಸರಳವಾಗಿದೆ, ಅಲ್ವಾ? ಆದರೆ ನಡೆಯುವುದು ಹಾಗಲ್ಲ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮೊನಾಶ್ ವಿಶ್ವವಿದ್ಯಾಲಯದ ಪಾಲ್ ಓಬ್ರಯನ್ ಮತ್ತು ಜೊತೆಗಾರರು ಇದನ್ನು ವರ್ಷಗಟ್ಟಲೆ ಅಳೆದು ನೋಡಿದರು. ಬ್ಯಾಂಡಿನ ಬಿಗಿ ಸರಿಯಾಗಿದ್ದಾಗ ಊಟ ಮೇಲಿನ ಚೀಲದಲ್ಲಿ ಕೂತಿರುವುದೇ ಇಲ್ಲ. ನಾವು ನುಂಗಿದ ತುತ್ತನ್ನು ಅನ್ನನಾಳ ಅಲೆಯ ಹಾಗೆ ಹಿಂಡಿ ಹಿಂಡಿ ಕೆಳಗೆ ತಳ್ಳುತ್ತದೆ. ಬ್ಯಾಂಡ್ ಇಲ್ಲದವರಲ್ಲಿ ಸಾಮಾನ್ಯವಾಗಿ ಒಂದು ಅಲೆ ಸಾಕು. ಬ್ಯಾಂಡ್ ಇದ್ದರೆ ಅದೇ ತುತ್ತು ದಾಟಲು ಎರಡರಿಂದ ಆರು ಅಲೆ ಬೇಕಾಗುತ್ತದೆ. ಸಣ್ಣ ತುತ್ತಾದರೂ ಒಂದು ನಿಮಿಷದವರೆಗೆ ಹಿಡಿಯಬಹುದು. ಹೀಗೆ ಹಿಂಡುವಾಗಲೆಲ್ಲ ಆ ಜಾಗದ ನರತುದಿಗಳ ಮೇಲೆ ಒತ್ತಡ ಬೀಳುತ್ತದೆ. ವೇಗಸ್ ನರ ಆ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ. 'ಸಾಕು' ಅನ್ನುವ ಭಾವನೆ ಹುಟ್ಟುವುದು ಅಲ್ಲಿಂದ.

ಇನ್ನೂ ಒಂದು ವಿಷಯ ನನಗೆ ಬಹಳ ಹಿಡಿಸಿತು. ಬ್ಯಾಂಡ್ ಸರಿಯಾಗಿ ಬಿಗಿಯಾಗಿದ್ದರೆ ಏನೂ ತಿನ್ನದಿದ್ದಾಗಲೂ ಹಸಿವು ಕಡಿಮೆ. 2005ರಲ್ಲಿ ಪ್ರಕಟವಾದ ಅದೇ ತಂಡದ ಪ್ರಯೋಗವೊಂದರಲ್ಲಿ, ಬ್ಯಾಂಡಿನಲ್ಲಿ ಸಲೈನ್ ಇದೆಯೋ ತೆಗೆದಿದ್ದಾರೋ ಅಂತ ರೋಗಿಗೆ ಗೊತ್ತಾಗದ ಹಾಗೆ ಇಟ್ಟು ಕೇಳಿದರು. ಸಲೈನ್ ಇದ್ದ ದಿನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲೇ ಹಸಿವು ಕಡಿಮೆ ಅಂದರು. ಅಂದರೆ ಬ್ಯಾಂಡಿನ ನಿಜವಾದ ಕೆಲಸ ಊಟವನ್ನು ತಡೆಯುವುದಲ್ಲ. ಹಸಿವಿನ ದನಿಯನ್ನು ತಗ್ಗಿಸುವುದು. ದೊಡ್ಡ ದೇಹ ಇರುವವರಿಗೆ 'ಬಾಯಿಗೆ ಕಡಿವಾಣ ಹಾಕು' ಅಂತ ಹೇಳುವವರು ಊರೆಲ್ಲ ಇರುತ್ತಾರೆ. ಆ ಹಸಿವು ಎಷ್ಟು ಜೋರಾಗಿ ಕೂಗುತ್ತಿತ್ತು ಅನ್ನುವುದು ಅದನ್ನು ಅನುಭವಿಸಿದವರಿಗಷ್ಟೇ ಗೊತ್ತು. ಬ್ಯಾಂಡ್ ಹಾಕಿಸಿಕೊಂಡ ನನ್ನ ಸಂಬಂಧಿ ಒಂದು ದಿನ 'ತಲೆಯೊಳಗೆ ಹಗಲೂ ರಾತ್ರಿ ಓಡುತ್ತಿದ್ದ ರೇಡಿಯೋ ಆಫ್ ಮಾಡಿದ ಹಾಗಿದೆ' ಅಂದಿದ್ದರು.

ಈಗ ಊಟದ ನಿಯಮಗಳ ಹಿಂದಿನ ಕಾರಣ ತಾನಾಗಿ ತಿಳಿಯುತ್ತದೆ. ಒಂದು ತುತ್ತು ದಾಟಲು ಒಂದು ನಿಮಿಷದವರೆಗೂ ಬೇಕಾಗಬಹುದು. ಅದು ದಾಟುವ ಮುಂಚೆ ಇನ್ನೊಂದನ್ನು ಕಳಿಸಿದರೆ ಎರಡೂ ಸೇರಿ ಸಿಕ್ಕಿಕೊಳ್ಳುತ್ತವೆ. ಇಷ್ಟೇ ವಿಷಯ.

ಮೊದಲ ವಾರಗಳು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಿಮ್ಮ ಆಸ್ಪತ್ರೆಯವರು ಕೊಡುವ ಪಟ್ಟಿಯೇ ಇಲ್ಲಿ ಮುಖ್ಯ. ಮೊದಲ ಒಂದೆರಡು ವಾರ ಬರೀ ದ್ರವ. ಆಮೇಲೆ ಒಂದೆರಡು ವಾರ ರುಬ್ಬಿದ ಊಟ, ನಂತರ ಮೆತ್ತಗಿನದು. ಸುಮಾರು ಐದು ಆರು ವಾರದ ಹೊತ್ತಿಗೆ ಗಟ್ಟಿ ಊಟ. ಈ ಕ್ರಮ ಸುಮ್ನೆ ಹಾಕಿದ್ದಲ್ಲ. ಬ್ಯಾಂಡ್ ಕೂತ ಜಾಗ ಊದಿಕೊಂಡಿರುತ್ತದೆ, ಅದು ಸುತ್ತಲಿನ ಅಂಗಾಂಶದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಆ ಹೊತ್ತಿನಲ್ಲಿ ಗಟ್ಟಿ ತುತ್ತು ಸಿಕ್ಕಿ ವಾಂತಿಯಾದರೆ ಬ್ಯಾಂಡ್ ಜಾಗ ಬಿಟ್ಟು ಜಾರಬಹುದು. ಈ ವಾರಗಳಲ್ಲಿ ಹಸಿವಾದರೆ ಆಪರೇಷನ್ ಫೇಲ್ ಆಯಿತು ಅಂತ ಹೆದರಬೇಡಿ. ಬ್ಯಾಂಡಿಗೆ ಇನ್ನೂ ಸಲೈನ್ ಹಾಕಿರುವುದಿಲ್ಲ ಅಥವಾ ಬಹಳ ಕಡಿಮೆ ಇರುತ್ತದೆ. ಮೊದಲ ಫಿಲ್ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದ ಮೇಲೆ.

ಊಟಕ್ಕೆ ಕೂತಾಗ

ಸಣ್ಣ ತಟ್ಟೆ ತೆಗೆದುಕೊಳ್ಳಿ. ಒಂದು ಹೊತ್ತಿಗೆ ಅರ್ಧ ಕಪ್ಪಿನಿಂದ ಒಂದು ಕಪ್ಪಿನೊಳಗೆ ಊಟ ಸಾಕು. ತುತ್ತು ಎಷ್ಟು ಸಣ್ಣದಿರಬೇಕು ಅಂದರೆ, ಬೆರಳಿನ ಉಗುರಿನಷ್ಟು. ಬಾಯಿಗಿಟ್ಟ ಮೇಲೆ ಚಮಚ ಕೆಳಗಿಡಿ. ಪೂರ್ತಿ ನುಣ್ಣಗಾಗುವವರೆಗೆ ಅಗಿಯಿರಿ. ಇಪ್ಪತ್ತು ಇಪ್ಪತ್ತೈದು ಸಲ ಅಗಿಯಬೇಕಾಗುತ್ತದೆ. ಅಗಿದರೂ ನಾರು ನಾರಾಗಿ ಉಳಿದರೆ ನುಂಗಬೇಡಿ, ತೆಗೆದು ಪಕ್ಕಕ್ಕಿಡಿ. ನುಂಗಿದ ಮೇಲೆ ಒಂದು ನಿಮಿಷ ಕಾಯಿರಿ. ಆಮೇಲೆ ಇನ್ನೊಂದು ತುತ್ತು.

ಓದುವಾಗ ಇದು ಸುಲಭ. ಮಾಡುವಾಗ ಬಹಳ ಕಷ್ಟ. ನಾವು ಗಬಗಬ ತಿನ್ನುವುದನ್ನು ಚಿಕ್ಕಂದಿನಿಂದ ಕಲಿತುಬಿಟ್ಟಿದ್ದೇವೆ. ಶಾಲೆಗೆ ಹೊತ್ತಾಯಿತು, ಬಸ್ಸು ಹೋಗುತ್ತದೆ, ಕೆಲಸ ಕಾಯುತ್ತಿದೆ. ಹಸಿದ ಹೊಟ್ಟೆಗೆ ಮೊದಲ ತುತ್ತೇ ಅತಿ ದೊಡ್ಡದು, ಅತಿ ವೇಗದ್ದು. ಸಿಕ್ಕಿಕೊಳ್ಳುವುದೂ ಹೆಚ್ಚಾಗಿ ಮೊದಲ ಎರಡು ಮೂರು ತುತ್ತಿನಲ್ಲೇ. ಹಾಗಾಗಿ ನನ್ನ ಮಟ್ಟಿಗೆ ಅತಿ ಉಪಯೋಗದ ಸಲಹೆ ಇದು: ಮೊದಲ ಐದು ತುತ್ತಿಗೆ ಮಾತ್ರ ಗಡಿಯಾರ ನೋಡಿ. ಆ ಐದು ನಿಮಿಷ ಯಾರ ಜೊತೆಗೂ ಮಾತಿಲ್ಲ, ಟಿವಿ ಇಲ್ಲ, ಫೋನ್ ಇಲ್ಲ. ವೇಗ ಒಮ್ಮೆ ಹಿಡಿತಕ್ಕೆ ಬಂದರೆ ಉಳಿದ ಊಟ ಅದೇ ಲಯದಲ್ಲಿ ಸಾಗುತ್ತದೆ.

ಇಪ್ಪತ್ತು ಮೂವತ್ತು ನಿಮಿಷಕ್ಕೆ ಊಟ ನಿಲ್ಲಿಸಿ, ತಟ್ಟೆಯಲ್ಲಿ ಉಳಿದಿದ್ದರೂ. ನಿಲ್ಲಿಸಬೇಕಾದದ್ದು ಹಸಿವು ಹೋದಾಗ. ಹೊಟ್ಟೆ ಬಿರಿಯುವಷ್ಟು ತುಂಬಿದಾಗ ಬರುತ್ತಿದ್ದ ಆ ಹಳೆಯ ತೃಪ್ತಿಗಾಗಿ ಕಾದರೆ ಹೊತ್ತು ಮೀರಿರುತ್ತದೆ. ದೇಹ ಮೊದಲೇ ಸುಳಿವು ಕೊಡುತ್ತದೆ. ಒಂದು ದೊಡ್ಡ ನಿಟ್ಟುಸಿರು, ಒಂದು ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುವುದು, ಎದೆಯ ನಡುವೆ ಸಣ್ಣ ಒತ್ತಡ. ಒಬ್ಬೊಬ್ಬರಿಗೆ ಒಂದೊಂದು ಸುಳಿವು. ನಿಮ್ಮದು ಯಾವುದು ಅಂತ ಕಂಡುಕೊಳ್ಳಿ. ಅದು ಬಂದ ಮೇಲೆ 'ಇನ್ನೊಂದೇ ತುತ್ತು' ಅನ್ನಬೇಡಿ. ತೊಂದರೆ ಕೊಡುವುದು ಆ ಇನ್ನೊಂದೇ ತುತ್ತು.

ನೀರನ್ನು ಊಟದ ಜೊತೆ ಕುಡಿಯಬೇಡಿ. ಊಟ ಮುಗಿದು ಅರ್ಧ ಗಂಟೆಯಾದ ಮೇಲೆ ಕುಡಿಯಿರಿ. ಊಟದ ನಡುವಿನ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರಾದರೂ ಹೋಗಬೇಕು. ಗ್ಯಾಸ್ ತುಂಬಿದ ಪಾನೀಯ ಬಿಡುವುದು ವಾಸಿ. ಅದರ ಗುಳ್ಳೆಗಳು ಮೇಲಿನ ಪುಟ್ಟ ಜಾಗದಲ್ಲಿ ಹಿಂಸೆ ಕೊಡುತ್ತವೆ.

ಸಿಕ್ಕಿಕೊಂಡಾಗ

ಎಷ್ಟೇ ಎಚ್ಚರ ಇದ್ದರೂ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ. ಎದೆಯ ನಡುವೆ ಕಲ್ಲು ಕೂತ ಹಾಗೆ ನೋವು. ಬಾಯಿಯಲ್ಲಿ ನೊರೆ ನೊರೆಯಾದ ಲೋಳೆ ಜೊಲ್ಲು. ದೇಹ ಆ ತುತ್ತನ್ನು ಜಾರಿಸಲು ಜೊಲ್ಲನ್ನು ಸುರಿಸುತ್ತಿರುತ್ತದೆ. ಆಗ ತಿನ್ನುವುದನ್ನು, ಕುಡಿಯುವುದನ್ನು ತಕ್ಷಣ ನಿಲ್ಲಿಸಿ. ಎದ್ದು ನಿಲ್ಲಿ, ಮೆಲ್ಲಗೆ ಓಡಾಡಿ, ಭುಜ ಸಡಿಲ ಬಿಡಿ. ಜೊಲ್ಲು ನುಂಗಬೇಡಿ, ಉಗಿಯಿರಿ. ಹೆಚ್ಚಿನ ಸಲ ಸ್ವಲ್ಪ ಹೊತ್ತಿನಲ್ಲಿ ಅದು ಕೆಳಗೆ ಜಾರುತ್ತದೆ, ಇಲ್ಲವೇ ತಾನಾಗಿ ಮೇಲೆ ಬರುತ್ತದೆ. ಮೇಲೆ ಬರುವುದಕ್ಕೆ ವಾಂತಿಯ ಹುಳಿ ಇರುವುದಿಲ್ಲ, ಯಾಕೆಂದರೆ ಅದು ಜಠರದ ಆಮ್ಲವನ್ನು ಮುಟ್ಟಿಯೇ ಇಲ್ಲ. ಬೆರಳು ಹಾಕಿ ವಾಂತಿ ಮಾಡಿಕೊಳ್ಳುವುದು ಬೇಡವೇ ಬೇಡ.

ಹೋದ ಮೇಲೆ ಪುನಃ ಊಟಕ್ಕೆ ಕೂರಬೇಡಿ. ಆ ಜಾಗ ಊದಿಕೊಂಡಿರುತ್ತದೆ, ಈಗ ಬ್ಯಾಂಡ್ ಮೊದಲಿಗಿಂತ ಬಿಗಿ. ಇನ್ನೊಂದು ತುತ್ತು ಹಾಕಿದರೆ ಅದೂ ಸಿಕ್ಕಿಕೊಂಡು ಊತ ಏರುತ್ತಾ ಹೋಗುತ್ತದೆ. ಒಂದು ದಿನ ಬರೀ ದ್ರವದಲ್ಲಿರಿ, ಮರುದಿನ ಮೆತ್ತಗಿನದು, ಆಮೇಲೆ ಮಾಮೂಲಿ. ಗಂಟೆಗಟ್ಟಲೆ ಆದರೂ ನೀರೂ ಇಳಿಯದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸಲೈನ್ ತೆಗೆದರೆ ದಾರಿ ತೆರೆದುಕೊಳ್ಳುತ್ತದೆ.

ಪಕ್ಕದಲ್ಲಿರುವವರಿಗೆ ಒಂದು ಮಾತು. ಬೆನ್ನು ಗುದ್ದಬೇಡಿ, ನೀರು ಕೊಡಬೇಡಿ. ಉಸಿರಾಟದ ದಾರಿ ಕಟ್ಟಿಕೊಂಡಿಲ್ಲ, ಅವರು ಮಾತಾಡಬಲ್ಲರು. ಜೊತೆಗೆ ನಿಂತರೆ ಸಾಕು.

ಗಟ್ಟಿ ಊಟ, ಜಾರುವ ಊಟ

ಬ್ಯಾಂಡಿನ ಎಲ್ಲಕ್ಕಿಂತ ದೊಡ್ಡ ಗುಟ್ಟು ಇಲ್ಲಿದೆ. ಮೆತ್ತಗಿನದು ತಿಂದರೆ ಸುಖ, ಗಟ್ಟಿಯದು ತಿಂದರೆ ತೊಂದರೆ ಅಂತ ಅನ್ನಿಸುವುದು ಸಹಜ. ಐಸ್‌ಕ್ರೀಂ, ಚಾಕೊಲೇಟ್, ಮಿಲ್ಕ್‌ಶೇಕ್, ಬಾಯಲ್ಲಿ ಕರಗುವ ಬಿಸ್ಕೆಟ್, ಚಿಪ್ಸ್ ಎಲ್ಲವೂ ಒಂದೇ ಅಲೆಗೆ ಜಾರಿ ಹೋಗುತ್ತವೆ. ಬ್ಯಾಂಡ್ ಇರುವ ಜಾಗದ ನರತುದಿಗಳಿಗೆ ಅವು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಹಾಗಾಗಿ 'ಸಾಕು' ಅನ್ನುವ ಸುದ್ದಿ ಮಿದುಳಿಗೆ ತಲುಪುವುದಿಲ್ಲ. ಒಂದು ದೊಡ್ಡ ಲೋಟ ಮಿಲ್ಕ್‌ಶೇಕ್ ಕುಡಿದರೂ ಹಸಿವು ಹಾಗೇ ಇರುತ್ತದೆ, ಕ್ಯಾಲೊರಿ ಮಾತ್ರ ಒಂದು ಊಟದಷ್ಟು ಸೇರಿರುತ್ತದೆ. ಅಗಿದು ನುಂಗುವ ಗಟ್ಟಿ ಊಟವೇ ಬ್ಯಾಂಡಿನಿಂದ ಕೆಲಸ ಮಾಡಿಸುವುದು.

ತಟ್ಟೆಯಲ್ಲಿ ಮೊದಲ ಜಾಗ ಪ್ರೋಟೀನಿಗೆ. ಮೊಟ್ಟೆ, ಮೀನು, ಕೋಳಿ, ಪನೀರು, ಬೇಳೆ ಕಾಳು, ಗಟ್ಟಿ ಮೊಸರು, ಸೋಯಾ, ಯಾವುದು ಒಗ್ಗುತ್ತದೋ ಅದು. ದಿನಕ್ಕೆ 60 ಗ್ರಾಂ ಪ್ರೋಟೀನಾದರೂ ಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇದನ್ನು ಮೊದಲು ತಿನ್ನಿ. ಆಮೇಲೆ ಬೆಂದ ತರಕಾರಿ. ಅನ್ನ, ಬ್ರೆಡ್ಡಿಗೆ ಜಾಗ ಉಳಿದರೆ ಕೊನೆಗೆ ಸ್ವಲ್ಪ. ಊಟವೇ ಇಷ್ಟು ಕಡಿಮೆ ಇರುವಾಗ ಪ್ರೋಟೀನನ್ನು ಕೊನೆಗೆ ಬಿಟ್ಟರೆ ಅದು ತಟ್ಟೆಯಲ್ಲೇ ಉಳಿಯುತ್ತದೆ. ಆಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ತೊಂದರೆ ಕೊಡುವ ಪದಾರ್ಥ ಹೆಚ್ಚುಕಮ್ಮಿ ಎಲ್ಲರಿಗೂ ಒಂದೇ. ತಾಜಾ ಮೆತ್ತಗಿನ ಬ್ರೆಡ್ ಬಾಯಲ್ಲಿ ಹಿಟ್ಟಿನ ಉಂಡೆಯಾಗಿ ದಾರಿ ಕಟ್ಟುತ್ತದೆ. ಅದನ್ನೇ ಟೋಸ್ಟ್ ಮಾಡಿ ಗರಿಗರಿಯಾಗಿಸಿದರೆ ಅನೇಕರಿಗೆ ಹಿಡಿಸುತ್ತದೆ. ಮುದ್ದೆಯಾದ ಅನ್ನ, ಒಣಗಿದ ಕೋಳಿ ಎದೆಭಾಗ, ನಾರಿನ ಮಾಂಸ, ಕಿತ್ತಳೆ ತೊಳೆಯ ಸಿಪ್ಪೆ, ದಂಟಿನ ನಾರು, ಇವೂ ಹಾಗೇ. ಮಾಂಸವನ್ನು ಹೆಚ್ಚು ಹೊತ್ತು ರಸದಲ್ಲಿ ಬೇಯಿಸಿದರೆ ಇಳಿಯುತ್ತದೆ, ಒಣಗಲು ಹುರಿದರೆ ಇಳಿಯುವುದಿಲ್ಲ. ಆದರೆ ಒಂದು ಸಲ ಸಿಕ್ಕಿಕೊಂಡಿತು ಅಂತ ಆ ಪದಾರ್ಥವನ್ನು ಜೀವನಪೂರ್ತಿ ಬಿಡಬೇಡಿ. ಅವತ್ತು ಅವಸರ ಇತ್ತೇನೋ. ಕೆಲವು ವಾರ ಬಿಟ್ಟು ಪುನಃ ಉಗುರಿನಷ್ಟು ತಿಂದು ನೋಡಿ. ಹೀಗೆ ಒಂದೊಂದಾಗಿ ಬಿಡುತ್ತಾ ಹೋದವರು ಕೊನೆಗೆ ಐಸ್‌ಕ್ರೀಂ, ಬಿಸ್ಕೆಟ್ಟಿನ ಮೇಲೆ ಬದುಕುವುದನ್ನು ಕೇಳಿದ್ದೇನೆ. ಅದು ಅವರ ಚಪಲ ಅಲ್ಲ, ಒಳಗೆ ಇಳಿಯುವುದು ಅದೊಂದೇ ಆಗಿರುತ್ತದೆ.

ಎಷ್ಟು ಬಿಗಿ ಸರಿ?

ಇಲ್ಲಿಗೆ ಬಂದರೆ ಮೊದಲು ಹೇಳಿದ ಮಾತು ಮತ್ತೆ ಬರುತ್ತದೆ. ಡಾಕ್ಟರುಗಳು ಬ್ಯಾಂಡಿನ ಬಿಗಿಯನ್ನು ಮೂರು ಬಣ್ಣದಲ್ಲಿ ವಿವರಿಸುತ್ತಾರೆ. ಹಳದಿಯಲ್ಲಿ ಬ್ಯಾಂಡ್ ಸಡಿಲ: ಬೇಗ ಹಸಿವಾಗುತ್ತದೆ, ಹೆಚ್ಚು ತಿನ್ನಲು ಆಗುತ್ತದೆ, ಮನಸ್ಸು ಸದಾ ಅಡುಗೆಮನೆ ಕಡೆ. ಹಸಿರಿನಲ್ಲಿ ಸ್ವಲ್ಪ ತಿಂದರೆ ಸಾಕಾಗುತ್ತದೆ, ಗಂಟೆಗಟ್ಟಲೆ ಹಸಿವಿಲ್ಲ, ತೂಕ ಮೆಲ್ಲಗೆ ಇಳಿಯುತ್ತದೆ. ಕೆಂಪಿನಲ್ಲಿ ಗಟ್ಟಿ ಊಟ ಇಳಿಯುವುದಿಲ್ಲ, ಎದೆಯುರಿ, ರಾತ್ರಿ ಮಲಗಿದರೆ ಕೆಮ್ಮು, ದಿಂಬಿನ ಮೇಲೆ ಬಾಯಿಂದ ಬಂದ ನೀರು.

ಕೆಂಪಿನಲ್ಲಿರುವವರು ಬಹಳ ಸಲ ಅದನ್ನು ಗೆಲುವು ಅಂದುಕೊಳ್ಳುತ್ತಾರೆ. 'ನನ್ನ ಬ್ಯಾಂಡ್ ಚೆನ್ನಾಗಿ ಹಿಡಿದಿದೆ, ಏನೂ ತಿನ್ನಲು ಆಗಲ್ಲ' ಅನ್ನುತ್ತಾರೆ. ಮೊದಲ ವಾರ ತೂಕ ಇಳಿಯಲೂಬಹುದು. ಆದರೆ ಗಟ್ಟಿಯದು ಇಳಿಯದಿದ್ದಾಗ ದೇಹ ಜಾರುವುದನ್ನು ಹುಡುಕುತ್ತದೆ. ಸಿಹಿ ಪಾನೀಯ, ಐಸ್‌ಕ್ರೀಂ. ತೂಕ ಏರಲು ಶುರು. ಏರಿತು ಅಂತ ಇನ್ನಷ್ಟು ಸಲೈನ್ ಹಾಕಿಸಿಕೊಳ್ಳುತ್ತಾರೆ. ಕೆಂಪು ಇನ್ನೂ ಕೆಂಪಾಗುತ್ತದೆ. ಬ್ಯಾಂಡಿನ ಮೇಲಿನ ಚೀಲ ಹಿಗ್ಗುತ್ತದೆ, ಅನ್ನನಾಳವೂ ಹಿಗ್ಗಿ ಸೋಲುತ್ತದೆ. ತೂಕ ಏರುತ್ತಿದೆ ಅಂದರೆ ಬ್ಯಾಂಡ್ ಸಡಿಲವಿರಬಹುದು, ಅತಿ ಬಿಗಿಯೂ ಇರಬಹುದು. ಎಷ್ಟೋ ಜನರಿಗೆ ಸ್ವಲ್ಪ ಸಲೈನ್ ತೆಗೆದ ಮೇಲೆ ತೂಕ ಇಳಿದಿದೆ, ಯಾಕೆಂದರೆ ಅವರು ಮತ್ತೆ ಗಟ್ಟಿ ಊಟ ತಿನ್ನುವಂತಾದರು.

ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ತೂಕದ ಸಂಖ್ಯೆ ಒಂದನ್ನೇ ಹೇಳಬೇಡಿ. ಏನು ತಿನ್ನುತ್ತೀರಿ, ಎಷ್ಟು ಹೊತ್ತಿಗೆ ಹಸಿವಾಗುತ್ತದೆ, ರಾತ್ರಿ ಕೆಮ್ಮು ಇದೆಯೇ, ವಾರಕ್ಕೆ ಎಷ್ಟು ಸಲ ಸಿಕ್ಕಿಕೊಳ್ಳುತ್ತದೆ, ಎಲ್ಲ ಹೇಳಿ. ನಾಚಿಕೆ ಪಟ್ಟು ಮುಚ್ಚಿಟ್ಟರೆ ಅವರು ತಪ್ಪು ದಿಕ್ಕಿಗೆ ಫಿಲ್ ಮಾಡುತ್ತಾರೆ. ರಾತ್ರಿ ಕೆಮ್ಮನ್ನು ನೆಗಡಿ ಅಂತ ತಳ್ಳಿಹಾಕಬೇಡಿ. ಮೇಲೆ ನಿಂತ ದ್ರವ ಮಲಗಿದಾಗ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಒಂದೇ ಬಿಗಿಯಿದ್ದರೂ ಬ್ಯಾಂಡ್ ಎಲ್ಲ ಹೊತ್ತಿನಲ್ಲೂ ಒಂದೇ ಥರ ಅನ್ನಿಸುವುದಿಲ್ಲ. ಅನೇಕರಿಗೆ ಬೆಳಗ್ಗೆ ಬಿಗಿ, ಸಂಜೆ ಸಡಿಲ. ಚಿಂತೆ ಇದ್ದಾಗ ಬಿಗಿ. ಕೆಲವು ಹೆಂಗಸರಿಗೆ ಮುಟ್ಟಿನ ದಿನಗಳಲ್ಲಿ ಬಿಗಿ. ವಿಮಾನದಲ್ಲಿ ಹೋಗುವಾಗಲೂ ಬಿಗಿ ಅನ್ನಿಸಿತು ಅನ್ನುವವರಿದ್ದಾರೆ. ಬೆಳಗ್ಗೆ ಗಟ್ಟಿ ತಿಂಡಿ ಇಳಿಯದಿದ್ದರೆ ಬಿಸಿಯಾಗಿ ಏನಾದರೂ ಕುಡಿದು ಸ್ವಲ್ಪ ಹೊತ್ತು ಬಿಟ್ಟು ತಿನ್ನಿ.

ತೂಕ ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಚೆನ್ನಾಗಿಯೇ ನಡೆಯುತ್ತಿದೆ. ಸ್ಲೀವ್ ಅಥವಾ ಕರುಳನ್ನು ಬೇರೆ ದಾರಿಗೆ ಜೋಡಿಸುವ ಬೈಪಾಸ್ ಮಾಡಿಸಿಕೊಂಡವರಿಗೆ ಬೇಗ ಇಳಿಯುತ್ತದೆ. ಅವರ ಜೊತೆ ಹೋಲಿಸಿಕೊಂಡು ಕೊರಗಬೇಡಿ, ಬ್ಯಾಂಡಿನ ನಡಿಗೆಯೇ ನಿಧಾನ.

ಮಾತ್ರೆ, ವಿಟಮಿನ್, ಬಸಿರು

ದೊಡ್ಡ ಮಾತ್ರೆ ಸಿಕ್ಕಿಕೊಳ್ಳಬಹುದು. ಅರೆದು ನುಂಗಬಹುದೇ ಅಂತ ಔಷಧಿ ಅಂಗಡಿಯವರನ್ನು ಕೇಳಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಅರೆಯಲೇಬಾರದು, ಇಡೀ ದಿನದ ಔಷಧ ಒಂದೇ ಸಲ ಮೈಗೆ ಸೇರುತ್ತದೆ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಕೇಳದೆ ತೆಗೆದುಕೊಳ್ಳಬೇಡಿ. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ತೂಕ ಇಳಿದಂತೆ ಹಳೆಯ ಡೋಸ್ ಜಾಸ್ತಿಯಾಗುತ್ತದೆ, ಅದನ್ನು ಡಾಕ್ಟರು ಇಳಿಸಬೇಕು.

ಕರುಳು ಹಾಗೇ ಇರುವುದರಿಂದ ಬೈಪಾಸಿನವರಷ್ಟು ವಿಟಮಿನ್ ಕೊರತೆ ಇಲ್ಲಿ ಆಗುವುದಿಲ್ಲ. ಆದರೂ ತಿನ್ನುವುದೇ ಕಡಿಮೆ, ಹಾಗಾಗಿ ದಿನಾ ಮಲ್ಟಿವಿಟಮಿನ್ ಬೇಕು. ಕಬ್ಬಿಣ, ಬಿ12, ಕ್ಯಾಲ್ಸಿಯಂ, ಡಿ ವಿಟಮಿನ್ ರಕ್ತಪರೀಕ್ಷೆಯಲ್ಲಿ ನೋಡುತ್ತಿರಬೇಕು. ವಾಂತಿ ವಾರಗಟ್ಟಲೆ ನಡೆದರೆ ಬಿ1 ವಿಟಮಿನ್ ಬೇಗ ಖಾಲಿಯಾಗುತ್ತದೆ. ನಡೆಯುವಾಗ ತೂರಾಡುವುದು, ಎರಡೆರಡು ಕಾಣುವುದು, ಗೊಂದಲ ಶುರುವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಮಿದುಳಿಗೆ ಆದ ಹಾನಿ ಉಳಿದುಬಿಡಬಹುದು. ಮೊದಲ ತಿಂಗಳುಗಳಲ್ಲಿ ಕೂದಲು ಉದುರುವುದು ಮಾಮೂಲಿ, ಹೆಚ್ಚಿನವರಿಗೆ ಮತ್ತೆ ಬರುತ್ತದೆ.

ತೂಕ ಇಳಿದಂತೆ ಬಸಿರಾಗುವ ಸಾಧ್ಯತೆ ಹೆಚ್ಚುತ್ತದೆ. ವರ್ಷಗಟ್ಟಲೆ ಆಗದವರಿಗೂ ಆಗಿದೆ. ಮೊದಲ ಒಂದು ಒಂದೂವರೆ ವರ್ಷ ತಡೆಯಿರಿ ಅಂತ ಡಾಕ್ಟರುಗಳು ಹೇಳುತ್ತಾರೆ. ಆದರೆ ಬಸಿರಿನಲ್ಲಿ ಬ್ಯಾಂಡಿಗೆ ಒಂದು ಅನುಕೂಲ ಇದೆ: ವಾಂತಿ ಜಾಸ್ತಿಯಾದರೆ, ಮಗುವಿಗೆ ಪೋಷಣೆ ಸಾಲದಿದ್ದರೆ ಸಲೈನ್ ತೆಗೆದು ಸಡಿಲ ಮಾಡಬಹುದು.

ಬೇರೆ ಯಾವ ಆಪರೇಷನ್ ಆಗಲಿ, ಎಂಡೋಸ್ಕೋಪಿ ಆಗಲಿ, ಬ್ಯಾಂಡ್ ಇದೆ ಅಂತ ಅರಿವಳಿಕೆ ಕೊಡುವವರಿಗೆ ತಪ್ಪದೆ ಹೇಳಿ. ಉಪವಾಸ ಇದ್ದರೂ ಬ್ಯಾಂಡಿನ ಮೇಲೆ ಏನಾದರೂ ಉಳಿದಿರಬಹುದು.

ಮನೆ, ಮನಸ್ಸು

ಹೊಟ್ಟೆಯ ಹಸಿವನ್ನು ಬ್ಯಾಂಡ್ ತಗ್ಗಿಸುತ್ತದೆ. ಬೇಸರಕ್ಕೆ, ಒಂಟಿತನಕ್ಕೆ, ಸಿಟ್ಟಿಗೆ ತಿನ್ನುವ ಅಭ್ಯಾಸವನ್ನು ಅದು ಮುಟ್ಟುವುದಿಲ್ಲ. ಸಂಜೆ ಕೆಲಸದಿಂದ ಬಂದು ಬಾಗಿಲು ಮುಚ್ಚಿದ ಕೂಡಲೇ ಕೈ ಡಬ್ಬಿಯ ಕಡೆ ಹೋಗುತ್ತದೆಯಲ್ಲ, ಅದು ಹಾಗೇ ಇರುತ್ತದೆ. ಊಟವೇ ಸಮಾಧಾನವಾಗಿದ್ದವರಿಗೆ ಆ ಸಮಾಧಾನ ಏಕಾಏಕಿ ಕೈತಪ್ಪಿದಾಗ ದುಃಖ ಬರುತ್ತದೆ. ನಿಜವಾದ ದುಃಖ, ಹತ್ತಿರದವರನ್ನು ಕಳೆದುಕೊಂಡ ಹಾಗೆ. ಇದಕ್ಕೆ ಕೌನ್ಸೆಲಿಂಗ್ ಬೇಕಾದರೆ ತೆಗೆದುಕೊಳ್ಳಿ. ಫಿಲ್‌ನಷ್ಟೇ ಅದೂ ಚಿಕಿತ್ಸೆ.

ನಾಲ್ಕು ಜನರ ನಡುವಿನ ಊಟ ಇನ್ನೊಂದು ಪರೀಕ್ಷೆ. 'ಇಷ್ಟೇನಾ ಹಾಕಿಕೊಂಡಿದ್ದು? ಅಡುಗೆ ಹಿಡಿಸಲಿಲ್ಲವಾ?' ಅಂತ ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಆ ಪ್ರೀತಿಗೆ ಕಟ್ಟುಬಿದ್ದು ತಿಂದ ತುತ್ತು ಬಚ್ಚಲಿನಲ್ಲಿ ಮುಗಿಯುತ್ತದೆ. ಎಲ್ಲರಿಗೂ ಬ್ಯಾಂಡಿನ ಕಥೆ ಹೇಳಬೇಕಾಗಿಲ್ಲ. 'ಡಾಕ್ಟರು ನಿಧಾನಕ್ಕೆ ತಿನ್ನಲು ಹೇಳಿದ್ದಾರೆ' ಅಂದರೆ ಸಾಕು. ಆದರೆ ಮನೆಯಲ್ಲಿ ಒಬ್ಬರಿಗಾದರೂ ಪೂರ್ತಿ ಗೊತ್ತಿರಲಿ. ನಮ್ಮ ಮನೆಯಲ್ಲಿ ಈಗ ಒಂದು ಬದಲಾವಣೆ ಆಗಿದೆ. ಅವರು ತಿನ್ನುವಾಗ ಯಾರೂ ಪ್ರಶ್ನೆ ಕೇಳುವುದಿಲ್ಲ. ಅವರು ಕೇಳುತ್ತಾರೆ, ನಾವು ಉತ್ತರ ಹೇಳುತ್ತೇವೆ.

ಯಾವಾಗ ಓಡಬೇಕು, ಯಾವಾಗ ತೆಗೆಸಬೇಕು

ಹೊಟ್ಟೆಯಲ್ಲಿ ಬಿಡದ ಜೋರು ನೋವು, ನಿಲ್ಲದ ವಾಂತಿ, ನೀರೂ ಇಳಿಯದಿರುವುದು, ಇವು ಬ್ಯಾಂಡ್ ಜಾರಿದ ಗುರುತು ಇರಬಹುದು. ಜಾರಿದಾಗ ಜಠರದ ಭಾಗ ಉಂಗುರದ ಮೂಲಕ ಮೇಲಕ್ಕೆ ನುಗ್ಗಿ ಸಿಕ್ಕಿಕೊಂಡು ರಕ್ತ ಓಡಾಟವೇ ನಿಲ್ಲಬಹುದು. ಬೆಳಗಾಗಲಿ ಅಂತ ಕಾಯುವ ವಿಷಯ ಇದಲ್ಲ.

ಇನ್ನೊಂದು ತೊಂದರೆ ಸದ್ದಿಲ್ಲದೆ ಬರುತ್ತದೆ. ಬ್ಯಾಂಡ್ ಮೆಲ್ಲಗೆ ಜಠರದ ಗೋಡೆಯನ್ನು ಸವೆಸಿ ಒಳಗೆ ಇಳಿಯಬಹುದು. ನೋವು ಇರಲೇಬೇಕು ಅಂತಿಲ್ಲ. ವರ್ಷಗಳ ಮೇಲೆ ಇದ್ದಕ್ಕಿದ್ದಂತೆ ಎಷ್ಟು ಬೇಕಾದರೂ ತಿನ್ನಲು ಆಗುತ್ತದೆ, ಇಲ್ಲವೇ ಪೋರ್ಟಿನ ಜಾಗ ಕೆಂಪಾಗಿ ಕೀವಾಗುತ್ತದೆ. ಪೋರ್ಟಿನ ಮೇಲೆ ಮುಲಾಮು ಹಚ್ಚಿಕೊಂಡು ಸುಮ್ಮನಾಗಬೇಡಿ, ಎಂಡೋಸ್ಕೋಪಿ ಮಾಡಿಸಿ. ಕೊಳವೆ ಸೋರಿದರೂ ಬಿಗಿ ತಪ್ಪುತ್ತದೆ, ಅದು ಸವೆತದಷ್ಟು ಭಯದ್ದಲ್ಲ. ಎಲ್ಲ ಚೆನ್ನಾಗಿದೆ ಅನ್ನಿಸಿದರೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳುವುದು ಇದಕ್ಕೇ.

ಕೆಲವರಿಗೆ ಬ್ಯಾಂಡ್ ಕೊನೆಗೂ ಒಗ್ಗುವುದಿಲ್ಲ. ಅದು ಅವರ ತಪ್ಪಲ್ಲ. ತೆಗೆಸಿಕೊಂಡರೆ ಎದೆಯುರಿ, ಕೆಮ್ಮು, ಸಿಕ್ಕಿಕೊಳ್ಳುವುದು ಹೋಗುತ್ತದೆ. ಆದರೆ ಅಲ್ಲಿಯವರೆಗೆ ತಗ್ಗಿದ್ದ ಹಸಿವೂ ವಾಪಸ್ ಬರುತ್ತದೆ, ಅದರ ಹಿಂದೆ ತೂಕವೂ. ಆದ್ದರಿಂದ ತೆಗೆಸುವ ದಿನ ಗೊತ್ತುಮಾಡುವ ಮುಂಚೆಯೇ ಸರ್ಜನ್ ಹತ್ತಿರ ಕೂತು ಮುಂದೇನು ಅಂತ ಮಾತಾಡಿಕೊಳ್ಳಿ: ಸ್ಲೀವ್ ಮಾಡಬಹುದೇ, ಬೈಪಾಸೇ, ಔಷಧಿಯೇ, ಬ್ಯಾಂಡ್ ತೆಗೆದ ದಿನವೇ ಮಾಡುತ್ತಾರೋ, ಜಾಗ ಮಾಯಲು ಕೆಲವು ತಿಂಗಳು ಬಿಟ್ಟು ಮಾಡುತ್ತಾರೋ, ಆ ತಿಂಗಳುಗಳಲ್ಲಿ ಹಸಿವಿಗೆ ಏನು ಮಾಡಬೇಕು.